ವಿದ್ಯಾರ್ಥಿನಿಲಯದ ತೃಪ್ತಿ ಸಮೀಕ್ಷೆ: ಶೇಕಡಾವಾರು ಹೇಳದೆ ಬಿಡುವ ಸಂಗತಿಗಳು

ವಿಶ್ವವಿದ್ಯಾಲಯಗಳ ಕುರಿತ ವರದಿಗಳಲ್ಲಿ ಓದುಗರನ್ನು ಮತ್ತೆ ಮತ್ತೆ ಗೊಂದಲಕ್ಕೆ ದೂಡುವ ಒಂದು ಜೋಡಿ ಸುದ್ದಿಯಿದೆ. ಹಾಸ್ಟೆಲ್ ನಿವಾಸಿಗಳಲ್ಲಿ ಬಹುಪಾಲು ಮಂದಿ ತೃಪ್ತರಾಗಿದ್ದಾರೆ ಎಂದು ಆಡಳಿತ ಮಂಡಳಿ ವಾರ್ಷಿಕ ಸಮೀಕ್ಷೆಯ ಫಲಿತಾಂಶ ಪ್ರಕಟಿಸುತ್ತದೆ. ಕೆಲವೇ ದಿನಗಳಲ್ಲಿ ಅದೇ ಹಾಸ್ಟೆಲ್‌ನ ವಿದ್ಯಾರ್ಥಿಗಳು ನೀರಿಲ್ಲ, ಶೌಚಾಲಯ ಸರಿಯಿಲ್ಲ, ಕೊಠಡಿಯಲ್ಲಿ ಕಾಲಿಡಲು ಜಾಗವಿಲ್ಲ ಎಂದು ಕಚೇರಿಯ ಮುಂದೆ ಧರಣಿ ಕೂರುತ್ತಾರೆ. ಓದಿದವರು ತಕ್ಷಣ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಸಮೀಕ್ಷೆ ಸುಳ್ಳು, ಇಲ್ಲವೇ ಧರಣಿ ಕೂತವರು ಬೆರಳೆಣಿಕೆಯ ತಕರಾರಿನವರು.

ಎರಡೂ ತಪ್ಪಾಗಿರಬಹುದು. ಸಮೀಕ್ಷೆಯಲ್ಲಿ ಯಾರೊಬ್ಬರೂ ಸುಳ್ಳು ಹೇಳದೆ, ಒಂದು ಅಂಕಿಯನ್ನೂ ತಿದ್ದದೆ, ಧರಣಿಯ ಒಂದು ಘೋಷಣೆಯೂ ಅತಿಶಯವಾಗದೆ ಎರಡೂ ಸುದ್ದಿಗಳು ಏಕಕಾಲಕ್ಕೆ ನಿಜವಾಗಿರಲು ಸಾಧ್ಯ. ಅದು ಹೇಗೆಂದು ತಿಳಿಯಬೇಕಾದರೆ ‘ತೃಪ್ತಿ’ ಎಂಬ ಹೆಸರಿನಲ್ಲಿ ಅಳೆಯುತ್ತಿರುವುದು ಏನನ್ನು ಎಂದು ನೋಡಬೇಕು.

ಅಳತೆಯ ಹುಟ್ಟು

ಕಟ್ಟಡವನ್ನು ಕಟ್ಟಿ ಕೈತೊಳೆದುಕೊಳ್ಳುವ ಬದಲು, ಜನ ಅದರಲ್ಲಿ ವಾಸ ಮಾಡಿದ ಮೇಲೆ ಹೋಗಿ ವಿಚಾರಿಸಬೇಕು ಎಂಬ ಯೋಚನೆ 1960ರ ದಶಕದಲ್ಲಿ ಬಲಗೊಂಡಿತು. ಅದರ ಆರಂಭದ ಪ್ರಯೋಗಶಾಲೆಗಳಲ್ಲಿ ಒಂದು ವಿದ್ಯಾರ್ಥಿನಿಲಯವೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಬಹುಮಹಡಿ ನಿಲಯಗಳನ್ನು ಸಿಮ್ ವ್ಯಾನ್ ಡರ್ ರಿನ್ ಮತ್ತು ಮರ್ರಿ ಸಿಲ್ವರ್‌ಸ್ಟೈನ್ ಅಧ್ಯಯನ ಮಾಡಿ 1967ರಲ್ಲಿ ವರದಿ ಕೊಟ್ಟರು. ಖಾಸಗಿತನದ ಕೊರತೆ, ವಿನ್ಯಾಸಕರು ಊಹಿಸಿದಂತೆ ಬಳಕೆಯಾಗದ ಸಾಮಾನ್ಯ ಕೋಣೆಗಳು ಹೀಗೆ ನಕ್ಷೆಯಲ್ಲಿ ಕಾಣದ ದೋಷಗಳು ವಾಸದಲ್ಲಿ ಕಂಡವು. ಮುಂದೆ ಈ ಕೆಲಸಕ್ಕೆ ವಾಸೋತ್ತರ ಮೌಲ್ಯಮಾಪನ ಎಂಬ ಶಿಸ್ತಿನ ರೂಪ ಬಂತು.

ಆಗ ಉದ್ದೇಶ ಸರಳವಾಗಿತ್ತು. ಈ ಕಟ್ಟಡದ ತಪ್ಪು ಮುಂದಿನ ಕಟ್ಟಡಕ್ಕೆ ಪಾಠವಾಗಬೇಕು. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗಾಗಿ ಪರಸ್ಪರ ಪೈಪೋಟಿಗಿಳಿದು, ನಿಲಯಗಳ ನಿರ್ವಹಣೆ ಗುತ್ತಿಗೆದಾರರ ಕೈಗೂ ಹೋದಂತೆ ಅದೇ ಪ್ರಶ್ನಾವಳಿಗೆ ಇನ್ನೆರಡು ಕೆಲಸಗಳು ಅಂಟಿಕೊಂಡವು: ಹೊರಗಿನವರಿಗೆ ಜಾಹೀರಾತು, ಒಳಗಿನವರಿಗೆ ಗುತ್ತಿಗೆಯ ಅಂಕಪಟ್ಟಿ. ದೋಷ ಹುಡುಕಲು ಹುಟ್ಟಿದ ಸಾಧನವನ್ನು ಗುಣ ಸಾರಲು ಬಳಸಿದ್ದರಿಂದಲೇ ಇಂದಿನ ಗೊಂದಲದ ಬಹುಭಾಗ ಹುಟ್ಟಿದೆ.

ನಿರೀಕ್ಷೆಯ ಪಾಲು

ಗ್ರಾಹಕರ ತೃಪ್ತಿಯ ಬಗ್ಗೆ 1980ರಲ್ಲಿ ರಿಚರ್ಡ್ ಆಲಿವರ್ ಮಂಡಿಸಿದ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಮನುಷ್ಯ ಮೊದಲು ಒಂದು ನಿರೀಕ್ಷೆ ಇಟ್ಟುಕೊಂಡಿರುತ್ತಾನೆ, ಆಮೇಲೆ ಅನುಭವವನ್ನು ಅದರ ಪಕ್ಕದಲ್ಲಿಟ್ಟು ತೂಗುತ್ತಾನೆ. ಅನುಭವ ಮೇಲಿದ್ದರೆ ತೃಪ್ತಿ, ಕೆಳಗಿದ್ದರೆ ಅತೃಪ್ತಿ. ಅಂದರೆ ಸಮೀಕ್ಷೆಯ ಅಂಕಿಯಲ್ಲಿ ಕೊಠಡಿಯಷ್ಟೇ ಪಾಲು ಕೊಠಡಿಗೆ ಬಂದವರ ತಲೆಯಲ್ಲಿದ್ದ ಚಿತ್ರಕ್ಕೂ ಇದೆ.

ಇದರ ಪರಿಣಾಮಗಳು ವಿಚಿತ್ರ. ಬೆಳೆದ ಮನೆಯಲ್ಲಿ ಸ್ವಂತ ಕೋಣೆಯೇ ಇಲ್ಲದವರಿಗೆ ಇಬ್ಬರ ಕೊಠಡಿ ಧಾರಾಳವೆನಿಸುತ್ತದೆ. ಸ್ವಂತ ಕೋಣೆ, ಸ್ವಂತ ಸ್ನಾನಗೃಹ ಬಿಟ್ಟು ಬಂದವರಿಗೆ ಅದೇ ಕೊಠಡಿ ಶಿಕ್ಷೆ. ಕಟ್ಟಡ ಒಂದೇ, ಅಂಕ ಬೇರೆ. ಪ್ರವೇಶದ ವೇಳೆ ಹೊಳೆಯುವ ಚಿತ್ರಗಳ ಕೈಪಿಡಿ ಹಂಚಿದ ವಿಶ್ವವಿದ್ಯಾಲಯ ತನ್ನ ಸಮೀಕ್ಷೆಯಲ್ಲಿ ತಾನೇ ಪೆಟ್ಟು ತಿನ್ನಬಹುದು. ಏನನ್ನೂ ಭರವಸೆ ಕೊಡದ ಸಂಸ್ಥೆ ಸುಮಾರಾದ ಕೊಠಡಿಗೂ ಒಳ್ಳೆಯ ಅಂಕ ಪಡೆಯಬಹುದು. ಎರಡು ವಿಶ್ವವಿದ್ಯಾಲಯಗಳ ತೃಪ್ತಿಯ ಶೇಕಡಾವಾರನ್ನು ಪಕ್ಕಪಕ್ಕದಲ್ಲಿಟ್ಟು ಯಾವ ಹಾಸ್ಟೆಲ್ ಉತ್ತಮ ಎಂದು ತೀರ್ಪು ಕೊಡುವ ಪಟ್ಟಿಗಳನ್ನು ಅನುಮಾನದಿಂದ ನೋಡಬೇಕಾದದ್ದು ಇದಕ್ಕೇ.

ಇನ್ನೂ ಗಂಭೀರವಾದ ತೊಡಕೊಂದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ನಾವು ವಿವೇಕವೆಂದು ಹೊಗಳುತ್ತೇವೆ. ಅಳತೆಯ ಲೆಕ್ಕದಲ್ಲಿ ಅದೇ ದೊಡ್ಡ ದೋಷ. ಕೊರತೆಯಲ್ಲಿ ಬಹುಕಾಲ ಬದುಕಿದವರು ಬಯಕೆಯನ್ನೇ ಕುಗ್ಗಿಸಿಕೊಳ್ಳುತ್ತಾರೆ, ಆದ್ದರಿಂದ ಅವರ ಸಂತೃಪ್ತಿಯನ್ನು ಅವರ ಸ್ಥಿತಿಗತಿಯ ಪುರಾವೆಯಾಗಿ ತೆಗೆದುಕೊಳ್ಳಬಾರದು ಎಂದು ಅಮರ್ತ್ಯ ಸೇನ್ ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಬಿಸಿನೀರು ಬರುವುದೇ ಇಲ್ಲವೆಂದು ಗೊತ್ತಾದ ಮೂರನೆಯ ವರ್ಷದ ವಿದ್ಯಾರ್ಥಿ ಅದನ್ನು ಕೊರತೆಗಳ ಪಟ್ಟಿಯಿಂದಲೇ ಕೈಬಿಟ್ಟಿರುತ್ತಾಳೆ.

ದೇಹವೂ ಹೀಗೆಯೇ ಒಗ್ಗಿಕೊಳ್ಳುತ್ತದೆ. ಮುಚ್ಚಿದ ಕೋಣೆಯ ಹಳಸಲು ಗಾಳಿ ಹೊರಗಿನಿಂದ ಬಂದವರ ಮೂಗಿಗೆ ಬಾಗಿಲಲ್ಲೇ ಬಡಿಯುತ್ತದೆ. ಒಳಗೇ ಕುಳಿತವರಿಗೆ ಕೆಲವೇ ನಿಮಿಷಗಳಲ್ಲಿ ಅದು ತಿಳಿಯದಂತಾಗುತ್ತದೆ. ಹಾಗಾಗಿ ‘ನಿಮ್ಮ ಕೊಠಡಿಯಲ್ಲಿ ಗಾಳಿ ಚೆನ್ನಾಗಿದೆಯೇ’ ಎಂದು ನಿವಾಸಿಯನ್ನೇ ಕೇಳುವುದು, ಆ ವಿಷಯಕ್ಕೆ ಎಲ್ಲರಿಗಿಂತ ಕಡಿಮೆ ನಂಬಲರ್ಹ ಸಾಕ್ಷಿಯನ್ನು ಕರೆದಂತೆ. ಅದಕ್ಕೆ ಮಾಪಕ ಬೇಕು.

ನಲ್ಲಿಯ ನೀರಿನ ಒಗಟು

ಸಮೀಕ್ಷೆಯ ವರದಿಗಳಲ್ಲಿ ಅತಿ ಹೆಚ್ಚು ಅನಾಹುತ ಮಾಡುವ ತಪ್ಪು ಓದು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಉದ್ಯೋಗಿಗಳ ಮನಸ್ಸನ್ನು ಅಧ್ಯಯನ ಮಾಡಿದ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಒಂದು ವಾದ ಮುಂದಿಟ್ಟರು: ಸಂತೋಷ ಕೊಡುವ ಸಂಗತಿಗಳೇ ಬೇರೆ, ಅಸಮಾಧಾನ ತರುವ ಸಂಗತಿಗಳೇ ಬೇರೆ, ಎರಡನೆಯದು ಮೊದಲನೆಯದರ ಅಭಾವವಷ್ಟೇ ಅಲ್ಲ. ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಉತ್ಪನ್ನಗಳ ಗುಣಮಟ್ಟದ ಬಗ್ಗೆ ಹೇಳಿದ್ದೂ ಇದರ ಹತ್ತಿರದ ಮಾತು. ಕೆಲವು ಗುಣಗಳು ಇರಲೇಬೇಕಾದವು. ಇದ್ದರೆ ಯಾರೂ ಮೆಚ್ಚುವುದಿಲ್ಲ, ಇಲ್ಲದಿದ್ದರೆ ಎಲ್ಲರೂ ಸಿಡಿದೇಳುತ್ತಾರೆ. ಕೆಲವು ಹೆಚ್ಚಿದಷ್ಟೂ ಹಿತ. ಇನ್ನು ಕೆಲವು ಇಲ್ಲದಿದ್ದರೆ ಯಾರಿಗೂ ಕೊರತೆಯೆನಿಸದು, ಇದ್ದರೆ ಮಾತ್ರ ಬಹಳ ಖುಷಿ.

ನಲ್ಲಿಯಲ್ಲಿ ನೀರು ಬಂತೆಂದು ಯಾವ ವಿದ್ಯಾರ್ಥಿಯೂ ಸಂಭ್ರಮಿಸುವುದಿಲ್ಲ. ನೀರು ನಿತ್ಯ ಬರುವ ನಿಲಯದಲ್ಲಿ ನೀರಿನ ಪ್ರಶ್ನೆಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಬರೆಯುತ್ತಾರೆ. ಗೆಳೆತನ, ಸಹವಾಸಿಯ ಜೊತೆಗಿನ ಹೊಂದಾಣಿಕೆ, ಸಾಮಾನ್ಯ ಕೋಣೆಯ ವಾತಾವರಣ ಇವುಗಳ ಉತ್ತರ ಮಾತ್ರ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ. ಸಂಖ್ಯಾಶಾಸ್ತ್ರಜ್ಞ ಈಗ ಒಟ್ಟು ತೃಪ್ತಿಗೂ ಒಂದೊಂದು ಅಂಶಕ್ಕೂ ಇರುವ ಸಹಸಂಬಂಧವನ್ನು, ಅಂದರೆ ಒಂದು ಏರಿಳಿದಂತೆ ಇನ್ನೊಂದೂ ಎಷ್ಟು ಏರಿಳಿಯುತ್ತದೆ ಎಂಬುದನ್ನು, ಲೆಕ್ಕ ಹಾಕುತ್ತಾನೆ. ಏರಿಳಿತವೇ ಇಲ್ಲದ ಸಂಗತಿ ಸಹಸಂಬಂಧ ತೋರಿಸಲಾರದು. ನೀರಿನ ಸಹಸಂಬಂಧ ಶೂನ್ಯದ ಹತ್ತಿರ ಬೀಳುತ್ತದೆ, ಸಾಮಾಜಿಕ ವಾತಾವರಣದ್ದು ಮೇಲೇರುತ್ತದೆ. ‘ತೃಪ್ತಿಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವ ಅಂಶ ಸಾಮಾಜಿಕ ಜೀವನ, ನೀರು ಮತ್ತು ನೈರ್ಮಲ್ಯದ ಪ್ರಭಾವ ಗೌಣ’ ಎಂದು ವರದಿ ಬರೆಯುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ವರದಿ ಓದಿದ ಆರ್ಥಿಕ ಸಮಿತಿ ಪೈಪು, ಪಂಪು, ಚರಂಡಿಗಳ ನಿರ್ವಹಣೆಯ ಹಣ ಕಡಿದು ಸಾಮಾನ್ಯ ಕೋಣೆಗೆ ಹೊಸ ಸೋಫಾ ಹಾಕಿಸುತ್ತದೆ. ಪೈಪು ಆ ವರ್ಷವೇ ಒಡೆಯುವುದಿಲ್ಲ. ಹಾಗಾಗಿ ಮರುವರ್ಷದ ಅಂಕ ಏರುತ್ತದೆ, ತೀರ್ಮಾನ ಸರಿಯಾಗಿತ್ತೆಂದು ಎಲ್ಲರಿಗೂ ಅನಿಸುತ್ತದೆ. ಮೂರ್ನಾಲ್ಕು ವರ್ಷಗಳ ನಂತರ ಪೈಪು ಒಡೆದಾಗ ಧರಣಿ ನಡೆಯುತ್ತದೆ. ಸೋಫಾ ಹಾಕಿಸಿದವರು ಅಷ್ಟು ಹೊತ್ತಿಗೆ ಬೇರೆ ಹುದ್ದೆಯಲ್ಲಿರುತ್ತಾರೆ.

ಮೊದಲು ಹೇಳಿದ ಜೋಡಿ ಸುದ್ದಿಯ ಗಂಟು ಸಡಿಲವಾಗುವುದು ಇಲ್ಲಿಯೇ. ಒಟ್ಟಾರೆ ತೃಪ್ತಿಯ ಪ್ರಶ್ನೆಗೆ ವಿದ್ಯಾರ್ಥಿ ಗೆಳೆಯರನ್ನೂ ಸ್ವಾತಂತ್ರ್ಯವನ್ನೂ ನೆನೆದು ‘ಹೌದು’ ಎನ್ನುತ್ತಾನೆ. ಇರಲೇಬೇಕಾದದ್ದು ಕೈಕೊಟ್ಟ ದಿನ ಅದೇ ವಿದ್ಯಾರ್ಥಿ ಫಲಕ ಹಿಡಿಯುತ್ತಾನೆ. ಅವನು ಮಾತು ಬದಲಿಸಿಲ್ಲ, ಅವನಿಗೆ ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಗೋಡೆಗಳು ಸ್ನೇಹವನ್ನೂ ರೂಪಿಸುತ್ತವೆ

ಹಾಗಾದರೆ ಕಟ್ಟಡ ಮುಖ್ಯವಲ್ಲ, ಜನ ಮುಖ್ಯ ಎಂದು ಹೇಳಿಬಿಡಬಹುದೇ? ಸಂಶೋಧನೆ ಹಾಗೆ ಹೇಳುವುದಿಲ್ಲ.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಲಿಯಾನ್ ಫೆಸ್ಟಿಂಜರ್, ಸ್ಟಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನ ಸ್ನೇಹವನ್ನು ಬಾಗಿಲುಗಳ ಅಂತರದಲ್ಲಿ ಅಳೆಯಿತು. ಒಂದೇ ಮಹಡಿಯ ಪಕ್ಕದ ಮನೆಯವರಲ್ಲಿ ಶೇ. 41ರಷ್ಟು ಸಂದರ್ಭಗಳಲ್ಲಿ ಆಪ್ತತೆ ಬೆಳೆದಿದ್ದರೆ, ಮೊಗಸಾಲೆಯ (ಕಾರಿಡಾರಿನ) ಎರಡು ತುದಿಗಳಲ್ಲಿದ್ದವರಲ್ಲಿ ಅದು ಶೇ. 10ಕ್ಕೆ ಇಳಿದಿತ್ತು. ಮೆಟ್ಟಿಲು ಎಲ್ಲಿದೆ, ಅಂಚೆಪೆಟ್ಟಿಗೆ ಎಲ್ಲಿದೆ ಎಂಬುದೂ ಯಾರು ಯಾರಿಗೆ ಪರಿಚಯವಾಗುತ್ತಾರೆ ಎಂಬುದನ್ನು ತೀರ್ಮಾನಿಸಿತ್ತು.

ಆಂಡ್ರೂ ಬಾಮ್ ಮತ್ತು ಸ್ಟುವರ್ಟ್ ವ್ಯಾಲಿನ್ಸ್ 1970ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಎರಡು ಬಗೆಯ ನಿಲಯಗಳನ್ನು ಹೋಲಿಸಿದರು. ಒಂದರಲ್ಲಿ ಉದ್ದನೆಯ ಮೊಗಸಾಲೆ, ಮೂವತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಸ್ನಾನಗೃಹ ಮತ್ತು ಸಾಮಾನ್ಯ ಕೋಣೆ. ಇನ್ನೊಂದರಲ್ಲಿ ನಾಲ್ಕರಿಂದ ಆರು ಮಂದಿಯ ಸಣ್ಣ ಸಣ್ಣ ಘಟಕಗಳು. ತಲೆಗೆ ಸಿಗುತ್ತಿದ್ದ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಮೊಗಸಾಲೆಯವರಿಗೆ ಇಕ್ಕಟ್ಟಿನ ಭಾವನೆ ಹೆಚ್ಚಿತ್ತು. ನಿಲಯದ ಹೊರಗೆ ಅಪರಿಚಿತರ ಜೊತೆ ಕಾಯುತ್ತ ಕೂರಬೇಕಾದಾಗಲೂ ಅವರು ದೂರ ಕೂರುತ್ತಿದ್ದರು, ಮಾತು ತಪ್ಪಿಸುತ್ತಿದ್ದರು. ಯಾರನ್ನು ಯಾವಾಗ ಎದುರಾಗಬೇಕು ಎಂಬ ಹಿಡಿತ ತಪ್ಪಿದ್ದೇ ಕಾರಣವೆಂದು ಸಂಶೋಧಕರು ವಾದಿಸಿದರು.

ಇಬ್ಬರ ಕೊಠಡಿಗೆ ಮೂರನೆಯವರನ್ನು ತುರುಕುವ ಪದ್ಧತಿಯ ಮೇಲೂ ಅದೇ ದಶಕದಲ್ಲಿ ಅಧ್ಯಯನಗಳಾದವು. ಮೂವರಲ್ಲಿ ಇಬ್ಬರು ಜೊತೆಯಾಗಿ ಒಬ್ಬರು ಒಂಟಿಯಾಗುವುದು ಅವುಗಳಲ್ಲಿ ಕಂಡ ಸಮಸ್ಯೆ. ಇಂಥ ಕೊಠಡಿಗಳ ಸರಾಸರಿ ಅಂಕ ನೋಡಿದರೆ ಏನೂ ತಿಳಿಯುವುದಿಲ್ಲ. ಇಬ್ಬರ ಸಮಾಧಾನ ಮೂರನೆಯವನ ಸಂಕಟವನ್ನು ಮುಚ್ಚಿಹಾಕುತ್ತದೆ.

ಯಾರು ಉತ್ತರಿಸಿದರು?

ಸರಳ ಲೆಕ್ಕವೊಂದನ್ನು ಊಹಿಸಿಕೊಳ್ಳಿ. 1,000 ಮಂದಿಯ ನಿಲಯದಲ್ಲಿ 250 ಮಂದಿ ಪ್ರಶ್ನಾವಳಿ ತುಂಬಿದರು, ಅವರಲ್ಲಿ 200 ಮಂದಿ ತೃಪ್ತಿಯಿದೆ ಎಂದರು. ‘ಶೇ. 80 ತೃಪ್ತಿ’ ಎಂದು ಸುದ್ದಿಯಾಗುತ್ತದೆ. ನಮಗೆ ಖಚಿತವಾಗಿ ಗೊತ್ತಿರುವುದಾದರೂ ಏನು? ಉತ್ತರಿಸದ 750 ಮಂದಿಯೂ ಅತೃಪ್ತರಾಗಿದ್ದರೆ ನಿಜವಾದ ಪ್ರಮಾಣ ಶೇ. 20. ಅವರೆಲ್ಲರೂ ತೃಪ್ತರಾಗಿದ್ದರೆ ಶೇ. 95. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ. ಮೌನವಾಗಿದ್ದವರು ಉತ್ತರಿಸಿದವರಂತೆಯೇ ಯೋಚಿಸುತ್ತಾರೆ ಎಂಬ ಊಹೆಯ ಮೇಲೆ ಮಾತ್ರ ಆ 80 ನಿಂತಿದೆ. ಕೋಪಗೊಂಡವರು ಹೆಚ್ಚು ಉತ್ತರಿಸುತ್ತಾರೋ, ನಿರಾಶೆಯಿಂದ ಉತ್ತರಿಸುವುದನ್ನೇ ಬಿಡುತ್ತಾರೋ ಎಂಬುದು ನಿಲಯದಿಂದ ನಿಲಯಕ್ಕೆ ಬದಲಾಗುವುದರಿಂದ ಆ ಊಹೆ ಯಾವ ಕಡೆಗೆ ವಾಲಿದೆ ಎಂದೂ ಹೇಳಲಾಗದು.

ಇದಲ್ಲದೆ, ಬೇಸತ್ತು ವರ್ಷದ ನಡುವೆಯೇ ನಿಲಯ ಬಿಟ್ಟು ಹೋದವರು ‘ನಿವಾಸಿಗಳ’ ಪಟ್ಟಿಯಲ್ಲೇ ಇರುವುದಿಲ್ಲ. ಅತ್ಯಂತ ಅತೃಪ್ತರು ಹೊರನಡೆದಷ್ಟೂ ಉಳಿದವರ ಸರಾಸರಿ ಸುಧಾರಿಸುತ್ತದೆ! ಉತ್ತರ ಪತ್ರದಲ್ಲಿ ಕೊಠಡಿ ಸಂಖ್ಯೆ ಕೇಳಿದ್ದರೆ, ಅದನ್ನು ವಾರ್ಡನ್ ಕಚೇರಿಯೇ ಸಂಗ್ರಹಿಸುತ್ತಿದ್ದರೆ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದೂ ಅತಿಯಾಸೆ.

ಸರಾಸರಿಯ ಬಗ್ಗೆಯೂ ಒಂದು ಮಾತು. ಐದು ಅಂಕಗಳ ಮಾಪನದಲ್ಲಿ ಎಲ್ಲರೂ ಮೂರು ಕೊಟ್ಟ ನಿಲಯಕ್ಕೂ, ಅರ್ಧ ಮಂದಿ ಐದು, ಉಳಿದರ್ಧ ಒಂದು ಕೊಟ್ಟ ನಿಲಯಕ್ಕೂ ಸರಾಸರಿ ಒಂದೇ. ಎರಡನೆಯದರಲ್ಲಿ ಒಂದು ಪಾರ್ಶ್ವದ ಚರಂಡಿ ಕಟ್ಟಿಕೊಂಡಿರಬಹುದು. ಆ ಸುಳಿವು ಯಾವ ಅಂಕವನ್ನು ಎಷ್ಟು ಮಂದಿ ಕೊಟ್ಟರು ಎಂಬ ಹಂಚಿಕೆಯಲ್ಲಿ ಕಾಣುತ್ತದೆ, ಸರಾಸರಿಯಲ್ಲಿ ಕಾಣದು.

ಕಿಟಕಿಯಿಲ್ಲದ ಕೋಣೆಗಳ ವಿವಾದ

ಈ ಎಲ್ಲ ತೊಡಕುಗಳೂ ಒಂದೇ ಕಡೆ ಕೂಡಿದ ಪ್ರಕರಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾಂಟಾ ಬಾರ್ಬರಾ ಆವರಣದ್ದು. ಸುಮಾರು 4,500 ವಿದ್ಯಾರ್ಥಿಗಳಿಗೆ ಒಂದೇ ಬೃಹತ್ ನಿಲಯ ಕಟ್ಟುವ ಯೋಜನೆಗೆ ಹೂಡಿಕೆದಾರ ಚಾರ್ಲ್ಸ್ ಮಂಗರ್ 20 ಕೋಟಿ ಡಾಲರ್ ದೇಣಿಗೆಯ ಭರವಸೆ ಕೊಟ್ಟಿದ್ದರು. ವಿನ್ಯಾಸವೂ ತಮ್ಮ ಮನಸ್ಸಿನಂತೆಯೇ ಇರಬೇಕೆಂಬುದು ಅವರ ಷರತ್ತಾಗಿತ್ತು. ಎಲ್ಲರಿಗೂ ಸ್ವಂತ ಕೋಣೆ, ಆದರೆ ಶೇ. 90ಕ್ಕೂ ಹೆಚ್ಚು ಕೋಣೆಗಳಿಗೆ ಕಿಟಕಿಯಿಲ್ಲ. ಬದಲಿಗೆ ಹಗಲನ್ನು ಅನುಕರಿಸುವ ಕೃತಕ ಬೆಳಕು. ಕೋಣೆ ಸಣ್ಣದಾಗಿ, ಮುಚ್ಚಿಕೊಂಡಿದ್ದರೆ ವಿದ್ಯಾರ್ಥಿಗಳು ಸಾಮಾನ್ಯ ಜಾಗಕ್ಕೆ ಬಂದು ಬೆರೆಯುತ್ತಾರೆ ಎಂಬುದು ಮಂಗರ್ ವಾದ. ವಿನ್ಯಾಸ ಪರಿಶೀಲನಾ ಸಮಿತಿಯ ಸಲಹೆಗಾರ ವಾಸ್ತುಶಿಲ್ಪಿ ಡೆನಿಸ್ ಮೆಕ್‌ಫ್ಯಾಡನ್ 2021ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟು, ಇದು ವಿದ್ಯಾರ್ಥಿಗಳ ಮೇಲಿನ ಸಾಮಾಜಿಕ ಮತ್ತು ಮಾನಸಿಕ ಪ್ರಯೋಗ ಎಂದು ಟೀಕಿಸಿದಾಗ ವಿವಾದ ಜಗತ್ತಿಗೆಲ್ಲ ತಿಳಿಯಿತು. 2023ರಲ್ಲಿ ವಿಶ್ವವಿದ್ಯಾಲಯ ಬೇರೆ ವಸತಿ ಯೋಜನೆಗಳತ್ತ ಹೊರಳಿತು.

ಇಲ್ಲಿ ನಮಗೆ ಬೇಕಾದ ಅಂಶ ಬೇರೆ. ಮಂಗರ್ ದೇಣಿಗೆಯಿಂದಲೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ತೆರೆದ ಸ್ನಾತಕೋತ್ತರ ವಿದ್ಯಾರ್ಥಿಗಳ ನಿಲಯದಲ್ಲಿಯೂ ಬಹುಪಾಲು ಮಲಗುವ ಕೋಣೆಗಳಿಗೆ ಕಿಟಕಿಯಿಲ್ಲ. ಅಲ್ಲಿದ್ದವರು ಎರಡು ಬಗೆಯಲ್ಲಿ ಮಾತಾಡಿದ್ದಾರೆ. ಸ್ವಂತ ಕೋಣೆ, ಸ್ವಂತ ಸ್ನಾನಗೃಹ, ದೊಡ್ಡ ಅಡುಗೆಮನೆ, ಜೊತೆಗಾರರ ಸಹವಾಸ ಕೆಲವರಿಗೆ ಇಷ್ಟವಾಗಿದೆ. ಬೆಳಗು ರಾತ್ರಿಗಳ ಅರಿವೇ ತಪ್ಪುತ್ತದೆ ಎಂದು ಕೆಲವರು ದೂರಿದ್ದಾರೆ. ಮೆಚ್ಚಿದವರನ್ನು ತೋರಿಸಿ ಕಿಟಕಿ ಬೇಡವೆನ್ನಬಹುದೇ?

ಹಾಗೆನ್ನಲಾಗದು. ಆ ನಿಲಯವನ್ನು ವಯಸ್ಕ ಸ್ನಾತಕೋತ್ತರ ವಿದ್ಯಾರ್ಥಿಗಳು ತಿಳಿದೇ ಆರಿಸಿಕೊಂಡಿದ್ದರು. ಕತ್ತಲು ಸಹಿಸದವರು ಮೊದಲೇ ದೂರ ಉಳಿದಿರುತ್ತಾರೆ. ಅಲ್ಲಿ ತೃಪ್ತಿ ಬಂದದ್ದು ಸ್ವಂತ ಸ್ನಾನಗೃಹದಿಂದಲೋ, ಗೆಳೆಯರಿಂದಲೋ, ಕಿಟಕಿಯ ಅಭಾವದಿಂದಲೋ ಎಂದು ಬಿಡಿಸಿ ಹೇಳಲು ಒಟ್ಟು ಅಂಕಕ್ಕೆ ಶಕ್ತಿಯಿಲ್ಲ. ಬೆಂಕಿ, ಹೊಗೆ, ವಿದ್ಯುತ್ ನಿಲುಗಡೆಯಂಥ ಅಪಾಯಗಳು ನಿವಾಸಿಯ ದಿನನಿತ್ಯದ ಅನುಭವಕ್ಕೇ ಬರುವುದಿಲ್ಲ. ಅವು ಬಂದ ದಿನ ಸಮೀಕ್ಷೆ ಮಾಡಿ ಪ್ರಯೋಜನವಿಲ್ಲ.

ವಾದಿಗಳು, ಪ್ರತಿವಾದಿಗಳು

ಆಡಳಿತದವರ ವಾದಕ್ಕೆ ತೂಕವಿಲ್ಲವೆಂದಲ್ಲ. ಗಟ್ಟಿ ದನಿಯ ಕೆಲವರ ಮಾತಿಗಿಂತ ಎಲ್ಲರನ್ನೂ ಕೇಳುವುದು ಹೆಚ್ಚು ನ್ಯಾಯ, ಸಮೀಕ್ಷೆ ಅದನ್ನೇ ಮಾಡುತ್ತದೆ ಎನ್ನುತ್ತಾರೆ. ವಿದ್ಯಾರ್ಥಿ ಸಂಘಗಳಿಗೆ ಅದು ಕಣ್ಣೊರೆಸುವ ತಂತ್ರ: ಪ್ರಶ್ನೆಗಳನ್ನು ಆರಿಸುವವರು ಯಾರು, ಶುಲ್ಕದ ಪ್ರಶ್ನೆ ಏಕಿಲ್ಲ, ಹೋದ ವರ್ಷದ ಉತ್ತರಗಳು ಏನಾದವು ಎಂದು ಅವು ಕೇಳುತ್ತವೆ. ಎಂಜಿನಿಯರರು ಭಾವನೆಗಳ ಗೊಡವೆಯೇ ಬೇಡ, ಡೆಸಿಬಲ್ ಅಳೆಯಿರಿ ಎನ್ನುತ್ತಾರೆ. ಮಲಗುವ ಕೋಣೆಯಲ್ಲಿ ರಾತ್ರಿಯ ನಿರಂತರ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿರುವಾಗ ಅಭಿಪ್ರಾಯ ಕೇಳುವುದೇಕೆ? ಅರ್ಥಶಾಸ್ತ್ರದ ಕಡೆಯವರದು ಇನ್ನೊಂದು ದಾರಿ: ನಿಲಯ ಸೇರಲು ಸರದಿ ಉದ್ದವಿದ್ದರೆ ಅದೇ ತೃಪ್ತಿಯ ಪುರಾವೆ.

ಈ ಕೊನೆಯ ವಾದ ನಾಲ್ಕರಲ್ಲಿ ಅತಿ ದುರ್ಬಲ. ಹೊರಗೆ ಬಾಡಿಗೆ ಕೈಗೆಟುಕದಿದ್ದರೆ ಯಾವ ಹಾಸ್ಟೆಲ್‌ಗೂ ಸರದಿ ನಿಲ್ಲುತ್ತದೆ. ಎಂಜಿನಿಯರರ ವಾದ ಗಟ್ಟಿ, ಆದರೆ ಅರ್ಧ ದಾರಿಯದು. ಮಾಪಕಕ್ಕೆ ಸದ್ದು ತಿಳಿಯುತ್ತದೆ, ಕೋಣೆಯ ಬೀಗ ಸರಿಯಿಲ್ಲವೆಂದು ನಿದ್ದೆಗೆಡುವವಳ ಭಯ ತಿಳಿಯದು. ಕನಿಷ್ಠ ಮಟ್ಟವನ್ನು ಮಾಪಕ ನಿರ್ಧರಿಸಬೇಕು, ಅದರ ಮೇಲಿನದನ್ನು ನಿವಾಸಿಗಳ ಮಾತು. ಮೊದಲನೆಯದರ ಜಾಗದಲ್ಲಿ ಎರಡನೆಯದನ್ನು ಕೂರಿಸಿದಾಗ ಕೆಟ್ಟ ಕಟ್ಟಡಕ್ಕೆ ಒಳ್ಳೆಯ ಪ್ರಮಾಣಪತ್ರ ಸಿಗುತ್ತದೆ.

ಅಂಕಿಗೆ ಹಣ ಕಟ್ಟಿದಾಗ

ತೃಪ್ತಿಯ ಅಂಕವನ್ನು ಹಣಕ್ಕೆ ಜೋಡಿಸಿದರೆ ಏನಾಗಬಹುದು ಎಂಬುದಕ್ಕೆ ಬ್ರಿಟನ್ನಿನ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆ ಉದಾಹರಣೆ. 2005ರಲ್ಲಿ ಆರಂಭವಾದ ಅದು ಮುಖ್ಯವಾಗಿ ಬೋಧನೆಯ ಕುರಿತಾದದ್ದು, ವಸತಿಯದ್ದಲ್ಲ. ಅದರ ಅಂಕಗಳನ್ನು ಬೋಧನಾ ಗುಣಮಟ್ಟದ ಶ್ರೇಣೀಕರಣಕ್ಕೂ ಆ ಮೂಲಕ ಶುಲ್ಕ ಏರಿಕೆಗೂ ಜೋಡಿಸುವ ಪ್ರಸ್ತಾಪ ಬಂದಾಗ ವಿದ್ಯಾರ್ಥಿ ಒಕ್ಕೂಟ 2017ರಲ್ಲಿ ಬಹಿಷ್ಕಾರಕ್ಕೆ ಕರೆಕೊಟ್ಟಿತು. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿ ಹಲವು ಕಡೆ ಪ್ರತಿಕ್ರಿಯೆ ಅರ್ಧಕ್ಕೂ ಕೆಳಗಿಳಿದು ಆ ವರ್ಷದ ಫಲಿತಾಂಶ ಪ್ರಕಟವಾಗಲಿಲ್ಲ. ತೃಪ್ತಿಯೆಂದು ಬರೆದರೆ ಶುಲ್ಕ ಏರುತ್ತದೆ ಎಂದು ಗೊತ್ತಾದ ಮೇಲೆ ತೃಪ್ತಿಯೆಂದು ಯಾರು ಬರೆಯುತ್ತಾರೆ?

ವಸತಿಯಲ್ಲಿ ಇದೇ ತರ್ಕ ಇನ್ನೂ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಗುತ್ತಿಗೆದಾರರ ಹಣವೋ ವಾರ್ಡನ್‌ರ ಬಡ್ತಿಯೋ ಅಂಕಕ್ಕೆ ಅಂಟಿದರೆ ಸಮೀಕ್ಷೆ ಪರೀಕ್ಷೆಯ ತಿಂಗಳಿನಿಂದ ಉತ್ಸವದ ತಿಂಗಳಿಗೆ ಸರಿಯುತ್ತದೆ. ಅದರ ಹಿಂದಿನ ವಾರ ಗೋಡೆಗೆ ಸುಣ್ಣ ಬೀಳುತ್ತದೆ. ಕಣ್ಣಿಗೆ ಕಾಣುವ ಕೆಲಸಕ್ಕೆ ಹಣ ಹರಿದು, ಗೋಡೆಯೊಳಗಿನ ಕೆಲಸ ಮುಂದೂಡಲ್ಪಡುತ್ತದೆ.

ಉಪಯೋಗಕ್ಕೆ ಬರುವ ಸಮೀಕ್ಷೆ

ದೋಷ ಹುಡುಕುವ ಮೂಲ ಉದ್ದೇಶಕ್ಕೆ ಮರಳಿದರೆ ಪ್ರಶ್ನೆಗಳೇ ಬದಲಾಗುತ್ತವೆ. ‘ಸದ್ದಿನ ಮಟ್ಟ ತೃಪ್ತಿಕರವೇ’ ಎನ್ನುವ ಬದಲು ‘ಕಳೆದ ಏಳು ರಾತ್ರಿಗಳಲ್ಲಿ ಎಷ್ಟು ಸಲ ಸದ್ದಿನಿಂದ ಎಚ್ಚರವಾಯಿತು’ ಎಂದು ಕೇಳಿದರೆ ನಿರೀಕ್ಷೆಯ ಪಾಲು ತಗ್ಗಿ ಅನುಭವದ ಪಾಲು ಹೆಚ್ಚುತ್ತದೆ. ಉತ್ತರಗಳನ್ನು ಮಹಡಿವಾರು, ಪಾರ್ಶ್ವವಾರು ಬಿಡಿಸಿ ದುರಸ್ತಿ ಪುಸ್ತಕದ ಪಕ್ಕದಲ್ಲಿಟ್ಟರೆ, ದೂರು ಕೊಟ್ಟ ದಿನದಿಂದ ಕೆಲಸ ಮುಗಿದ ದಿನದವರೆಗಿನ ಅಂತರ ತಾನಾಗಿಯೇ ಮಾತಾಡುತ್ತದೆ. ಬಿಟ್ಟು ಹೋದವರಿಗೂ ಪ್ರಶ್ನಾವಳಿ ತಲುಪಬೇಕು. ಅತಿ ಕಡಿಮೆ ಅಂಕ ಕೊಟ್ಟವರ ಉತ್ತರಗಳನ್ನು ಸರಾಸರಿಗೆ ಸೇರಿಸಿ ಕರಗಿಸುವ ಮುನ್ನ ಪ್ರತ್ಯೇಕವಾಗಿ ಓದಬೇಕು.

ಕೆಲವರಿಗೆ ಶೇಕಡಾವಾರು ಅನ್ವಯಿಸುವುದೇ ಇಲ್ಲ. ನೂರಾರು ಮಂದಿಯ ನಿಲಯದಲ್ಲಿ ಗಾಲಿಕುರ್ಚಿ ಬಳಸುವವರು ಇಬ್ಬರೋ ಮೂವರೋ ಇರುತ್ತಾರೆ. ಅವರು ಒಕ್ಕೊರಲಿನಿಂದ ದೂರಿದರೂ ಒಟ್ಟು ಅಂಕ ಕದಲುವುದಿಲ್ಲ. ಅವರ ಉತ್ತರವನ್ನು ಬೇರೆಯಾಗಿ ಪ್ರಕಟಿಸಿದರೆ ಗುರುತು ಬಯಲಾಗುತ್ತದೆ. ಅವರ ಜೊತೆ ಕುಳಿತು ಮಾತಾಡುವುದೊಂದೇ ದಾರಿ, ಅದಕ್ಕೆ ಪ್ರಶ್ನಾವಳಿಯೇ ಬೇಡ.

ಒಂದೇ ನಿಲಯವನ್ನು ಅದೇ ಪ್ರಶ್ನೆಗಳಿಂದ, ವರ್ಷದ ಅದೇ ತಿಂಗಳಲ್ಲಿ ಮತ್ತೆ ಮತ್ತೆ ಕೇಳಿದಾಗ ಸಿಗುವ ಏರಿಳಿತವನ್ನು ನಂಬಬಹುದು. ವರದಿ ಕೈಗೆ ಬಂದಾಗ ಪತ್ರಕರ್ತರೂ ಪೋಷಕರೂ ಮೊದಲು ನೋಡಬೇಕಾದದ್ದು ಉತ್ತರಿಸಿದವರ ಪ್ರಮಾಣವನ್ನು. ಹೇಳಿದ್ದು ಯಾವುದೂ ಆಗದ ಕಡೆ ವಿದ್ಯಾರ್ಥಿಗಳು ಎರಡನೆಯ ಸಲ ಉತ್ತರಿಸಲು ಬೇಸರಪಡುತ್ತಾರೆ. ಆ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಸಿಯುತ್ತ, ತೃಪ್ತಿಯ ಶೇಕಡಾವಾರು ಮಾತ್ರ ಏರುತ್ತಿದ್ದರೆ, ಏರಿಕೆಯ ಬಗ್ಗೆ ಬರೆಯುವ ಮುನ್ನ ಕುಸಿತಕ್ಕೆ ವಿಶ್ವವಿದ್ಯಾಲಯದಿಂದ ವಿವರಣೆ ಕೇಳಬೇಕು.